ಅಣ್ಣತಮ್ಮಂದಿರ ಪಾಲಾಗಿದ್ದ ಡಿಸ್ಕು

ಅವತ್ತು ನಮ್ಮ ಉಮರ್ಗಾದ ಮನೆಯ ಮುಂದಿನ ಖೋಲಿಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಬಾಗಿಲ ಬೆಳಕಿನಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕೂತವರು ನನ್ನ ಅತ್ತೆ. ಗೋಡೆಗೆ ಬೆನ್ನು ಕೊಟ್ಟು, ತಲೆಯ ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತವನು ಬೆಳಗಿನ ಬಸ್ಸಿಗೆ ಉದಗೀರದಿಂದ ಬಂದಿದ್ದ ಮುತ್ಯಾ. ಕಂಪ್ಯೂಟರಿನ ಮುಂದೆ, ನಾನು ದಿನಾಲು ಕೂಡುವ ಖುರ್ಚಿಯಲ್ಲಿ, ಲಾತೂರಿನಿಂದ ಬಂದ ದುರಸ್ತಿಯವ. ಅವನ ಹಿಂದೆ ಕೈಕಟ್ಟಿ ನಿಂತವಳು ನಾನು. ನನ್ನ ಖುರ್ಚಿಯ ಹಿಂದೆ ನಾನೇ ನಿಂತಿದ್ದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜಗಳ ಶುರುವಾದದ್ದು ಅಲ್ಲಿಂದ.

ಪರದೆ ನೀಲಿಯಾಗಿತ್ತು. ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕುವ ಮೊದಲು ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ಡಿಸ್ಕನ್ನು ಎಷ್ಟು ಭಾಗ ಮಾಡಲಿ, ಯಾವ ಭಾಗ ಎಷ್ಟು ದೊಡ್ಡದಿರಲಿ? ಡಿಸ್ಕು ಒಂದೇ ಆದರೂ ನಡುವೆ ಗೋಡೆ ಹಾಕಿ ಖೋಲಿ ಮಾಡಿದ ಹಾಗೆ. ಮೊದಲ ಖೋಲಿಗೆ ಸಿ ಎನ್ನುತ್ತಾರೆ, ಯಂತ್ರವನ್ನು ನಡೆಸುವ ಸಿಸ್ಟಮ್ ಕೂಡುವುದು ಅಲ್ಲಿ. ಮುಂದಿನವು ಡಿ, ಇ, ಎಫ್.

ದುರಸ್ತಿಯವ ಬೆರಳು ಮುರಿದುಕೊಂಡು ಹಿಂದೆ ತಿರುಗದೆಯೇ ಕೇಳಿದ, "ಆಜಿ, ಮೊದಲಿನಂಗೇ ಹಾಕ್ಲೇನ್ರೀ? ಚಾರ್ ಹಿಸ್ಸಾ, ಬರಾಬರ್?"

"ಹೂಂನಪ್ಪಾ," ಅಂದರು ಅತ್ತೆ, ಬೇಳೆಯಿಂದ ಕಣ್ಣೆತ್ತದೆ. "ಮೊದಲಿನಂಗೇ."

"ಹಾಕಬ್ಯಾಡ," ಅಂದೆ ನಾನು.

ನಮ್ಮ ಮನೆಯಲ್ಲಿ ಸೊಸೆಯ ಬಾಯಿಂದ ಆ ಮಾತು ಹೊರಗಿನವರ ಎದುರಿಗೆ ಬಂದದ್ದು ಅದೇ ಮೊದಲು. ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು.

ಈ ಮೊದಲಿನಂಗೆ ಎನ್ನುವುದು ಏನು ಅನ್ನುವುದನ್ನು ಹೇಳದೆ ಮುಂದೆ ಹೋಗಲಾರೆ. ಲಾತೂರು ಸೀಮೆಯ ದೊಡ್ಡ ಭೂಕಂಪವಾಗಿ ಹತ್ತು ವರ್ಷದ ಮೇಲಾಗಿತ್ತು. ನಮ್ಮ ಕಲ್ಲುಮಣ್ಣಿನ ಮನೆ ಬೀಳಲಿಲ್ಲ, ಬಿರುಕು ಬಿಟ್ಟಿತು. ಗೋಡೆಗಳಿಗೆ ಸಿಮೆಂಟು ಮೆತ್ತಿ, ಮುಂದಿನ ಖೋಲಿಯನ್ನು ಮಾತ್ರ ಹೊಸದಾಗಿ ಕಟ್ಟಿಸಿದ್ದರು. ಗಂಡ, ಭಾವ, ಮೈದುನ ಮೂವರೂ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೋದರೆ ಹೊತ್ತು ಮುಳುಗಿದ ಮೇಲೆ ಮನೆ. ಮೂವರನ್ನು ಒಂದೇ ಮಾಳಿಗೆಯ ಕೆಳಗೆ ಇಟ್ಟುಕೊಂಡದ್ದು ಅತ್ತೆಯ ದೊಡ್ಡ ಹೆಮ್ಮೆ. ಭೂಕಂಪದ ನಂತರ ಸುತ್ತಲಿನ ಹಳ್ಳಿಗಳಲ್ಲಿ ಹೊಸ ಮನೆ ಹಂಚುವಾಗ ಎಷ್ಟೋ ಕೂಡುಕುಟುಂಬಗಳು ಒಡೆದದ್ದನ್ನು ಅವರು ಕಂಡಿದ್ದರು. ಯಾವುದೇ ವಸ್ತು ಮನೆಗೆ ಬಂದರೂ, ಹಾಸಿಗೆಯಿರಲಿ ತಾಟು ಇರಲಿ, ಮೂರು ಸಮಪಾಲು, ಮೇಲೆ ದೇವರದೊಂದು ಪಾಲು. ಹಬ್ಬಕ್ಕೆ ಜಂಗಮರಿಗೆ ಕೊಡುವ ಅಕ್ಕಿಯಿಂದ ಹಿಡಿದು ಬಾಗಿಲ ಪರದೆಯ ತನಕ ಇದೇ ಲೆಕ್ಕ.

ಕಂಪ್ಯೂಟರು ಬಂದ ದಿನ ದುರಸ್ತಿಯವ ಇದನ್ನೇ ಕೇಳಿದ್ದ. "ಮನಿಯಾಗ ಅಣ್ಣತಮ್ಮರು ಎಷ್ಟ ಮಂದಿರೀ?" ಅದು ಅವನ ರೂಢಿ. ಪೇಟೆಯ ಮನೆಗಳಲ್ಲಿ ಒಬ್ಬನ ಡ್ರೈವು ದೊಡ್ಡದು ಮಾಡಿ ಇನ್ನೊಬ್ಬನದು ಸಣ್ಣದು ಮಾಡಿದ್ದಕ್ಕೆ ಅವನು ಎಲ್ಲೋ ಬೈಸಿಕೊಂಡಿದ್ದನಂತೆ. ಅಂದಿನಿಂದ ತಲೆ ಎಣಿಸಿ ಸಮ ಸಮ ಕತ್ತರಿಸುತ್ತಿದ್ದ. ನಮ್ಮದು ಇಪ್ಪತ್ತು ಜಿಬಿಯ ಡಿಸ್ಕು. ಸಿ ಭಾವನದು, ಡಿ ನನ್ನ ಗಂಡನದು, ಇ ಮೈದುನನದು, ಎಫ್ ದೇವರದು. ಒಂದೊಂದರ ಮೇಲೆ ದೊಡ್ಡವ, ನಡುವಿನವ, ಸಣ್ಣವ, ದೇವರು ಎಂದು ಹೆಸರನ್ನೂ ಬರೆದುಕೊಟ್ಟ. ಅತ್ತೆ ಪರದೆಗೆ ಕುಂಕುಮ ಹಚ್ಚಿದರು.

ಆ ಯಂತ್ರದ ಮುಂದೆ ದಿನವೆಲ್ಲ ಕೂಡುವವಳು ನಾನೊಬ್ಬಳೇ. ಶಾಲೆಗಳ ಪ್ರಶ್ನೆಪತ್ರಿಕೆ, ತಹಸೀಲಿಗೆ ಹೋಗುವ ಅರ್ಜಿ, ತೊಟ್ಟಿಲ ಕಾರ್ಯದ ಪತ್ರಿಕೆ, ಎಲ್ಲ ಮರಾಠಿಯಲ್ಲಿ. ಕನ್ನಡದ್ದೂ ಬರುತ್ತಿತ್ತು. ನಾನು ಶಾಲೆಯಲ್ಲಿ ಕಲಿತದ್ದು ಮರಾಠಿಯೇ. ಕನ್ನಡದ ಅಕ್ಷರ ಕಲಿಸಿದವಳು ನಿಲಂಗಾದ ನನ್ನ ತವರಿನ ಅಜ್ಜಿ, ರೊಟ್ಟಿ ಬಡಿಯುವ ಕೊಣಮಿಗೆಯಲ್ಲಿ ಹಿಟ್ಟು ಸವರಿ ಅದರ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದಳು. ಮಾತು ಕಲಿಸಿದವರು ಅವಳ ಓಣಿಯ ಹಿರಿಯರು. ಹೀಗಾಗಿ ಕನ್ನಡ ಟೈಪು ಮಾಡುವವರನ್ನು ಹುಡುಕಿಕೊಂಡು ಬಂದವರು ಲೋಹಾರಾದಿಂದ ಬಂದರೂ ಕೊನೆಗೆ ನನ್ನ ಬಾಗಿಲಿಗೇ ಬರುತ್ತಿದ್ದರು. ಅಷ್ಟಾದರೂ ಡಿಸ್ಕಿನಲ್ಲಿ ನನಗೆ ಪಾಲಿರಲಿಲ್ಲ. ದೇವರಿಗಿತ್ತು.

ಪಾಲು ಅಂದ ಮೇಲೆ ಅದಕ್ಕೊಂದು ಮರ್ಯಾದೆ. ಮೈದುನನ ಇ ಡ್ರೈವಿನಲ್ಲಿ ಅವನ ಮದುವೆಯ ಫೋಟೋ ಬಿಟ್ಟರೆ ಬೇರೇನೂ ಇರಲಿಲ್ಲ, ಆದರೆ ಅದರಲ್ಲಿ ನಾನು ಕೈ ಹಾಕುವಂತಿಲ್ಲ. ದೇವರ ಪಾಲು ಸ್ವಚ್ಛ ಖಾಲಿ, ಅದನ್ನು ತೆರೆಯುವುದೂ ಇಲ್ಲ. ಯಂತ್ರ ತಾನಾಗಿ ಎಲ್ಲಿ ಉಳಿಸುತ್ತದೋ ಅಲ್ಲಿ, ಅಂದರೆ ಸಿ ಯಲ್ಲಿ, ನನ್ನ ಕೆಲಸವೆಲ್ಲ ಬೀಳುತ್ತಿತ್ತು. ಅಲ್ಲೇ ಸಿಸ್ಟಮ್, ಅಲ್ಲೇ ಪುಟ ಕಟ್ಟುವ ಪ್ರೋಗ್ರಾಮು, ಅಲ್ಲೇ ಫಾಂಟುಗಳು, ಅಲ್ಲೇ ಭಾವ ತುಂಬಿಸಿಟ್ಟ ಭಜನೆಯ ಹಾಡುಗಳು. ಒಂದೇ ಖೋಲಿಯಲ್ಲಿ ಅಡುಗೆ, ಬಾಣಂತನ, ದನ, ದೇವರು. ಪಕ್ಕದ ಮೂರು ಖೋಲಿ ಬೀಗ ಹಾಕಿ ಖಾಲಿ.

ಅದೇ ಸಿ ಯಲ್ಲಿ ಮುತ್ಯಾನ ಮಾತುಗಳೂ ಇದ್ದವು.

ಮುತ್ಯಾ ನನ್ನ ಸಂಬಂಧಿಕನಲ್ಲ. ಹರೆಯದಲ್ಲಿ ಭಾಲ್ಕಿ ಕಡೆಯಿಂದ ಬಂದು ಉದಗೀರದಲ್ಲಿ ನೆಲೆ ನಿಂತವನು, ಜೀವಮಾನವೆಲ್ಲ ದೇವಣಿ ತಳಿಯ ದನಗಳ ಜೊತೆ ಕಳೆದವನು. ದನದ ಬಜಾರಿನಲ್ಲಿ ಎತ್ತಿನ ಮೈಮೇಲಿನ ಸುಳಿ ನೋಡಿ ಅದರ ಗುಣ ಹೇಳುತ್ತಿದ್ದ. ಯಾವ ಸುಳಿ ಎಲ್ಲಿದ್ದರೆ ಏನು, ಮೈಯೆಲ್ಲ ಬಿಳಿ ಇದ್ದ ದನಕ್ಕೂ ಮುಖದ ಪಕ್ಕ ಕರಿ ಇದ್ದ ದನಕ್ಕೂ ನಡಿಗೆಯಲ್ಲಿ ಏನು ಫರಕು, ಹೊಟ್ಟೆಯುಬ್ಬರ ಬಂದ ಹಸುವಿಗೆ ಮೊದಲು ಏನು ಮಾಡಬೇಕು, ಎಲ್ಲ ಅವನ ನಾಲಿಗೆಯ ಮೇಲೆ. ಅದೂ ಕನ್ನಡದಲ್ಲಿ. ಅವನಿಗೆ ಕಲಿಸಿದವರು ಹೇಳಿದ್ದು ಹಾಗೆ, ಬೇರೆ ಭಾಷೆಯಲ್ಲಿ ಹೇಳಿದರೆ ದನವೇ ಬೇರೆಯಾದಂಗ ಅನಸ್ತದ ಎನ್ನುತ್ತಿದ್ದ. ಓದು ಬಾರದು. ಸಾಯುವ ಮೊದಲು ಪುಸ್ತಕವಾಗಬೇಕು ಎಂದು ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ಹೇಳುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ. ಮೂವತ್ತೆರಡು ಪುಟವಾಗಿತ್ತು.

ಅಣ್ಣನ ಹೆಂಡತಿಯ ಬಾಣಂತನಕ್ಕೆಂದು ನಾನು ಒಂದು ತಿಂಗಳು ನಿಲಂಗಾಕ್ಕೆ ಹೋದೆ. ಅಷ್ಟರಲ್ಲಿ ಭಾವ ಇನ್ನೊಂದಿಷ್ಟು ಭಜನೆ ಹಾಕಿಸಲು ಹೋಗಿ, ಮೊದಲೇ ಇಕ್ಕಟ್ಟಾಗಿದ್ದ ಸಿ ತುಂಬಿ ಯಂತ್ರ ಕೈಕಟ್ಟಿ ಕೂತಿತು. ದುರಸ್ತಿಯವ ಬಂದ. ಪಾಪ, ಕೇಳದೆ ಅಳಿಸಲಿಲ್ಲ ಅವನು. ಸಿ ಯಾರದು? ದೊಡ್ಡವನದು. ಅಂಗಡಿಗೆ ಹೋಗಿ ಭಾವನನ್ನು ಕೇಳಿದ, "ದಾದಾ, ನಿಮ್ಮ ಡ್ರೈವ್ ಸಾಫ್ ಮಾಡ್ಲೇನ್ರೀ?" ಭಾವ ಬಟ್ಟೆ ಅಳೆಯುತ್ತಲೇ ಹೇಳಿದರಂತೆ, "ಮಾಡಪ್ಪಾ, ನಂದೇನದ ಅದರಾಗ, ನಾಕು ಭಜನಿ." ಒಡೆಯನ ಒಪ್ಪಿಗೆ ಸಿಕ್ಕಿತು. ನಾನು ತಿರುಗಿ ಬಂದಾಗ ಸಿ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಅವತ್ತು ನಾನು ಅಳಲಿಲ್ಲ. ಅತ್ತರೆ ಸಮಾಧಾನ ಮಾಡುತ್ತಿದ್ದರು, ಸಮಾಧಾನ ನನಗೆ ಬೇಕಿರಲಿಲ್ಲ. ಮಾರನೆಯ ದಿನ ಉದಗೀರಕ್ಕೆ ಹೋಗಿ ಮುತ್ಯಾನ ಎದುರು ನಿಂತು ಹೇಳಿದೆ. ಅವನು ಹಸುವಿನ ಕೊರಳ ಕೆಳಗಿನ ಗಂಗೆದೊಗಲು ಸವರುತ್ತ ಕೇಳಿಸಿಕೊಂಡ.

"ಎಲ್ಲಾ ಹೋಯ್ತೇನ್ ಮಗಳ?"

"ಎಲ್ಲಾ ಹೋಯ್ತು ಮುತ್ಯಾ."

"ಇನ್ನೊಂದ್ ಸಲ ಹೇಳ್ತೀನಿ," ಅಂದ. "ಮೂರನೇ ಸಲಕ್ಕ ನನ್ನ ಎದ್ಯಾಗ ಉಸರಿಲ್ಲವ್ವಾ. ಈಗೇ ಏಳು ಮೆಟ್ಟಲ ಹತ್ತಿದ್ರ ಎಂಟನೇದು ಕಾಣಸೂದಿಲ್ಲ. ನೋಡು, ಜಾಗ ಗಟ್ಟಿ ಮಾಡಿ ಕರಿ."

ತಿರುಗಿ ಬರುವಾಗ ಶಿರೂರ ಅನಂತಪಾಳದ ದಾರಿಯಲ್ಲಿ ಬಸ್ಸು ಕುಣಿದ ಹಾಗೆಲ್ಲ ಅದೇ ಮಾತು ತಲೆಯಲ್ಲಿ ಕುಣಿಯುತ್ತಿತ್ತು. ಉಮರ್ಗಾಕ್ಕೆ ಹೋಗದೆ ನಿಲಂಗಾದಲ್ಲೇ ಇಳಿದೆ. ಅಲ್ಲಿ ಒಂದು ಟೈಪಿಂಗ್ ಕ್ಲಾಸಿನ ಮೂಲೆಯಲ್ಲಿ ಯಾರೂ ಮುಟ್ಟದ ಹಳೆಯ ಕಂಪ್ಯೂಟರೊಂದಿತ್ತು. ಕ್ಲಾಸು ನಡೆಸುವ ಹೆಂಗಸನ್ನು ಬೇಡಿಕೊಂಡು ನಾಲ್ಕು ದಿನ ಅದರ ಡಿಸ್ಕನ್ನು ಕತ್ತರಿಸಿದೆ, ಅಳಿಸಿದೆ, ಮತ್ತೆ ಕತ್ತರಿಸಿದೆ. ಒಂಬತ್ತು ಸಲ. ಸಿ ಗೆ ಬಹಳ ಕಡಿಮೆ ಕೊಟ್ಟರೆ ಸಿಸ್ಟಮ್ ಅರ್ಧಕ್ಕೆ ನಿಂತು ಉಗುಳುತ್ತದೆ. ಸರಿಯಾಗಿ ಹಿಡಿಸುವಷ್ಟೇ ಕೊಟ್ಟರೆ ಕೂಡುತ್ತದೆ, ಆದರೆ ಹತ್ತು ಪುಟದ ಕೆಲಸ ತೆರೆದ ಕೂಡಲೇ ತೆವಳುತ್ತದೆ. ಎಷ್ಟು ಕೊಟ್ಟರೆ ನೆಟ್ಟಗೆ ನಡೆಯುತ್ತದೆ ಎನ್ನುವುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ಆ ಯಂತ್ರವನ್ನು ಕಾಡಿ ಕಾಡಿ ಕಲಿತೆ.

ಸಿಸ್ಟಮಿನ ಸಿಡಿ ಇದ್ದದ್ದು ದುರಸ್ತಿಯವನ ಹತ್ತಿರ, ಅದಕ್ಕೇ ಎಲ್ಲವನ್ನೂ ಮತ್ತೆ ಹೊಸದಾಗಿ ಹಾಕಲು ಅವನನ್ನು ನಾನೇ ಕರೆಸಿದೆ, ಮುತ್ಯಾನಿಗೂ ಹೇಳಿಕಳಿಸಿದೆ. ಹಾಗೆ ಕಲಿತು ಬಂದವಳು ಅವತ್ತು ಖುರ್ಚಿಯ ಹಿಂದೆ ನಿಂತು ಹಾಕಬ್ಯಾಡ ಎಂದದ್ದು.

ದುರಸ್ತಿಯವ ಈಗ ಪೂರ್ತಿ ತಿರುಗಿದ. "ಅಹೋ ವಹಿನಿ, ನಾ ಈ ಪೇಟಿ ತುಂಬ ಮಷೀನ್ ಹಾಕೀನಿ. ಎಲ್ಲಾರದೂ ಬರಾಬರೇ ಹಾಕೀನಿ."

"ಎಲ್ಲಾರದೂ ಕೆಡ್ತಾವಲ್ಲಾ ಮತ್ತ? ಕೆಡದಿದ್ರ ನೀ ವಾರಕ್ಕೊಮ್ಮಿ ಲಾತೂರ ಬಸ್ ಎದಕ ಹತ್ತಿ ಬರ್ತೀ?"

ಮುತ್ಯಾ ಗೋಡೆಯ ಕಡೆ ಮುಖ ಮಾಡಿ ಕೆಮ್ಮಿದ. ನಗು ಅದು.

ಅತ್ತೆ ಮೊರ ಕೆಳಗಿಟ್ಟರು. "ನೋಡವಾ, ನಿಂಗ ಮಷೀನ್ ತಿಳೀತದ, ನಂಗ ಮನಿ ತಿಳೀತದ. ಒಬ್ಬಂಗ ಹೆಚ್ಚ, ಒಬ್ಬಂಗ ಕಮ್ಮಿ ಮಾಡಿದ್ರ ಇವತ್ತ ಇದರಾಗ ಗ್ವಾಡಿ, ನಾಳಿ ಅಡಗಿಮನಿಯಾಗ ಒಲಿ ಬ್ಯಾರೆ. ನಾ ಕಣ್ಣಾರೆ ಕಂಡೀನಿ."

"ಅತ್ತಿ, ನಾ ಗ್ವಾಡಿ ಕೆಡವು ಅಂತ ಹೇಳ್ಲತ್ತೀನಿ. ನಾಕು ಗ್ವಾಡಿ ಹಾಕಿದವ್ರು ನೀವು."

"ಬಾಯಿ ನೋಡು ಬಾಯಿ!"

"ಇದರ ಮುಂದ ದೊಡ್ಡವ್ರು ಎಂದಾದ್ರೂ ಕುಂತಾರೇನ್ರೀ? ನಡುವಿನವ್ರು? ಸಣ್ಣವ್ರು? ಕೂಡಾಕಿ ನಾ. ಇದರಾಗ ನಂದು ಯಾವದ್ರೀ ಪಾಲು?"

ಅತ್ತೆಗೆ ಆ ಪ್ರಶ್ನೆ ಹೊಸದು. ಆದರೂ ನಿಜವಾದ ಅಕ್ಕರೆಯಿಂದಲೇ ಹೇಳಿದರು, "ನೀ ಮನಿ ಸೊಸಿ. ನಿಂಗ ಪಾಲ ಎದಕವಾ? ಇಡೀ ಮನೀನೇ ನಿಂದು."

"ಹಂಗಾದ್ರ ಇಡೀ ಡಿಸ್ಕೂ ನಂದೇ," ಅಂದೆ. "ಏಳಪ್ಪಾ, ಆ ಖುರ್ಚಿ ಬಿಡು."

ದುರಸ್ತಿಯವ ಅತ್ತೆಯನ್ನು ನೋಡಿದ. ಅತ್ತೆ ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡರು. ಅವನು ಎದ್ದ, ನಾನು ಕೂತೆ.

ಮೈದುನನ ಮದುವೆಯ ಫೋಟೋಗಳನ್ನು ಮೊದಲೇ ಸಿಡಿಗೆ ಇಳಿಸಿ ಅವನ ಹೆಂಡತಿಯ ಕೈಗೆ ಕೊಟ್ಟಿದ್ದೆ. ನನ್ನ ಗಂಡನ ಪಾಲಿನಲ್ಲಿ ಇದ್ದದ್ದು ಏನೂ ಇಲ್ಲ. ಒಂದೊಂದೇ ಭಾಗದ ಮೇಲೆ ನಿಂತು ಅಳಿಸುವ ಗುಂಡಿ ಒತ್ತುತ್ತ ಬಂದೆ. ದೇವರ ಪಾಲಿನ ಮೇಲೆ ಬಂದಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು, "ಅದನ್ನರೆ ಬಿಡು."

"ದೇವರ ಪಾಲ ಖಾಲಿ ಇತ್ತಲ್ರೀ ಅತ್ತಿ. ಮುತ್ಯಾನ ಮಾತ ಅಲ್ಲಿ ಇಡಾಕ ಬಿಟ್ಟಿದ್ರ ಇವತ್ತ ಇರ್ತಿದ್ದವು. ದೇವರು ಬ್ಯಾಡ ಅಂತಿದ್ದನೇನು?"

ಒತ್ತಿದೆ. ನಾಲ್ಕೂ ಹೋಗಿ ಡಿಸ್ಕು ಒಂದೇ ಬಯಲಾಯಿತು. ಇಪ್ಪತ್ತು ಎಂದು ಕೊಂಡ ಡಿಸ್ಕು, ಪರದೆಯ ಮೇಲೆ ಹತ್ತೊಂಬತ್ತು ಸಾವಿರ ಎಂಬಿ ಮತ್ತು ಚಿಲ್ಲರೆ ತೋರಿಸಿತು.

"ಸಿ ಗ ಎಷ್ಟ ಹಾಕ್ತೀರಿ?" ದುರಸ್ತಿಯವನ ದನಿಯಲ್ಲಿ ಈಗ ಚುಚ್ಚು ಇತ್ತು. "ದೋನ್ ಹಜಾರ, ಎರಡೇ ಸಾವಿರ ಸಾಕು ಸಿಸ್ಟಮ್‌ಕ."

"ಸಿಸ್ಟಮ್, ಪ್ರೋಗ್ರಾಮ್, ಫಾಂಟು ಎಲ್ಲಾ ಕೂಡಿ ಮೂರು ಸಾವಿರ. ನಾ ಏಳು ಹಾಕ್ತೀನಿ."

"ನಾಕು ಸಾವಿರ ಫುಕಟ್ ಹೋತು."

ಮುತ್ಯಾ ಆಗ ಗೋಡೆಯಿಂದ ಬೆನ್ನೆತ್ತಿದ. "ಹೋ ತಮ್ಮಾ, ನಿಮ್ಮ ಮನ್ಯಾಗ ದನಾ ಅದಾವೇನು?"

"ಇಲ್ರೀ ಆಜೋಬಾ."

"ಅದಕ್ಕೇ. ದನಕ್ಕ ನಿಂದರಾಕಷ್ಟೇ ಜಾಗ ಕೊಟ್ರ ನಿಂದರ್ತದ, ಖರೆ. ಹೊಳ್ಳಾಕ ಬ್ಯಾಡೇನು? ಮಲಗಾಕ, ಬಾಲ ಬೀಸಾಕ? ಹೊಳ್ಳಾಕ ಬರದ ಕೊಟ್ಟಿಗಿಯಾಗ ಕಟ್ಟಿದ ಎತ್ತು ಕಣ್ಣಿ ಹರೀತದ, ಇಲ್ಲಾ ಮೊಣಕಾಲ ಕೆಡಸ್ಕೋತದ." ಒಂದು ಸಲ ಉಸಿರೆಳೆದುಕೊಂಡ. "ಮತ್ತ ಮೇವು ಅದರ ಜೋಡಿ ಇಡಬಾರ್ದು. ಮೇವಿನ ಜಾಗ ಬ್ಯಾರೆ, ದೊಡ್ಡದು. ನಮ್ಮ ತಂಗಿಗಿ ಭೂಕಂಪದ ಮನಿ ಸಿಕ್ತು ನೋಡು, ಛಂದ ಮನಿ, ಸಾಲಿಗಿ ಸಾಲು, ಎಲ್ಲಾ ಒಂದೇ ಅಳತಿ. ದನಾ ಎಲ್ಲಿ ಕಟ್ಟಬೇಕು, ಮೇವಿನ ಕಣಕಿ ಎಲ್ಲಿ ಒಟ್ಟಬೇಕು? ಅಳತಿ ಹಾಕಿದಂವಾ ದನಾ ಕಟ್ಟಿದಂವ ಅಲ್ಲ."

"ಕೇಳಿದೇನು?" ಅಂದೆ ದುರಸ್ತಿಯವನಿಗೆ. "ಸಿ ಗ ಏಳು ಸಾವಿರ, ಅದರಾಗ ಸಿಸ್ಟಮ್ ಬಿಟ್ಟು ಬ್ಯಾರೆ ಯಾರೂ ಕಾಲ ಇಡಂಗಿಲ್ಲ. ಭಜನೀನೂ ಇಲ್ಲ. ಉಳಿದದ್ದೆಲ್ಲ ಒಂದೇ ಡಿ. ಹನ್ನೆರಡು ಸಾವಿರ. ಕೆಲಸಾ ಎಲ್ಲಾ ಅಲ್ಲಿ. ನಾಳಿ ಸಿ ಕೆಟ್ರ ಸಿ ಅಷ್ಟೇ ಅಳಸ್ತೀನಿ, ಡಿ ಗ ಕೈ ಹಚ್ಚೂದಿಲ್ಲ."

"ಎರಡೇ? ಮೂರು ಮಂದಿ ಅಣ್ಣತಮ್ಮರು ಏನಂತಾರ?"

"ಅವ್ರು ಬಂದು ಕೇಳ್ಲಿ. ನಾ ಇಲ್ಲೇ ಕುಂತಿರ್ತೀನಿ."

ಏಳು ಸಾವಿರ ಎಂದು ಹೊಡೆದು ಎಂಟರ್ ಒತ್ತಿದೆ. ಸಿಸ್ಟಮ್ ಕೂಡಲು ಒಂದು ತಾಸಿನ ಮೇಲೆ ಹಿಡಿಯಿತು. ಅಷ್ಟು ಹೊತ್ತೂ ನಾನು ಏಳಲಿಲ್ಲ, ಎದ್ದರೆ ಯಾರಾದರೂ ಬಂದು ಕೂಡುತ್ತಾರೆ ಎಂಬ ಹಟ. ಅತ್ತೆ ಒಳಗೆ ಹೋಗಿ ಚಹಾ ಮಾಡಿ ತಂದರು. ಮುತ್ಯಾನಿಗೆ ಕೊಟ್ಟರು, ದುರಸ್ತಿಯವನಿಗೆ ಕೊಟ್ಟರು, ನನ್ನದನ್ನು ಕೀಬೋರ್ಡಿನ ಪಕ್ಕ ಸದ್ದು ಬರುವ ಹಾಗೆ ಇಟ್ಟರು. ಸಿಟ್ಟಿನ ಚಹಾದಲ್ಲೂ ಸಕ್ಕರೆ ಸರಿಯಾಗಿತ್ತು.

ಡಿ ಯಲ್ಲಿ ಮೊದಲು ನಾನು ಹಾಕಿದ್ದು ಕನ್ನಡ ಮತ್ತು ಮರಾಠಿ ಫಾಂಟುಗಳ ಒಂದು ಪ್ರತಿ, ಪುಟ ಕಟ್ಟುವ ಪ್ರೋಗ್ರಾಮಿನ ಒಂದು ಪ್ರತಿ. ಆಮೇಲೆ ಸುಳಿ ಎಂದು ಹೆಸರಿಟ್ಟು ಒಂದು ಖಾಲಿ ಕಡತ. ದುರಸ್ತಿಯವ ಸಿಸ್ಟಮಿನ ಸಿಡಿಯನ್ನು ತನ್ನ ಚೀಲಕ್ಕೆ ಹಾಕಿಕೊಳ್ಳಲು ಕೈಚಾಚಿದ. ಅದು ನಮ್ಮ ಯಂತ್ರದ ಜೊತೆಗೇ ಬಂದ ಸಿಡಿ, ಕಳೆದುಹೋದೀತು ಎಂದು ಅವನೇ ಜೋಪಾನ ಮಾಡುತ್ತಿದ್ದ. ನಾನು ಅದನ್ನು ಡಬ್ಬಿಗೆ ಹಾಕಿ ನನ್ನ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದೆ.

"ವಹಿನಿ, ನನ್ನ ಹೊಟ್ಟಿ ಮ್ಯಾಲ ಕಾಲ ಇಡ್ಲತ್ತೀರಿ," ಅಂದ ನಗುತ್ತ.

"ನಿಂಗೇನಪ್ಪಾ, ಪೇಟಿ ತುಂಬ ಬರಾಬರ್ ಹಾಕೀದಿ. ಹೊಟ್ಟಿ ತುಂಬ್ತದ ಹೋಗು."

ಭಾವನಿಗೆ ಗೊತ್ತಾದಾಗ ಏನಾಯಿತು ಎಂದು ಕೇಳುವವರು ಇರುತ್ತಾರೆ. ಏನೂ ಆಗಲಿಲ್ಲ. "ನನ್ನ ಭಜನಿ?" ಎಂದು ಒಮ್ಮೆ ಕೇಳಿದರು. ಡಿ ಯಲ್ಲಿ ಒಂದು ಫೋಲ್ಡರು ಮಾಡಿ ಅವರ ಭಜನೆಯ ಸಿಡಿಯಿಂದ ಹಾಕಿಕೊಟ್ಟೆ. ನನ್ನ ಗಂಡ ಮಾತ್ರ ಆ ವಾರವೆಲ್ಲ ಊಟಕ್ಕೆ ಕೂತಾಗ, "ನಮ್ಮ ಪಾಲಂತೂ ಹೆಂಡತಿ ನುಂಗಿದಳು" ಎಂದು ತಮ್ಮನಿಗೆ ಹೇಳಿ ನಗಿಸುತ್ತಿದ್ದರು. ಒಲೆ ಬೇರೆಯಾಗಲಿಲ್ಲ. ಅತ್ತೆ ಹದಿನೈದು ದಿನ ನನ್ನ ಜೊತೆ ಬಿಗಿದುಕೊಂಡು ಮಾತಾಡಿದರು, ಆಮೇಲೆ ಅದೂ ಸಡಿಲಾಯಿತು. ಕ್ಷಮೆ ನಾನು ಕೇಳಲಿಲ್ಲ. ಇವತ್ತೂ ಕೇಳುವುದಿಲ್ಲ. ಅವರು ಹೆದರಿದ್ದು ಸುಳ್ಳಲ್ಲ, ಮನೆ ಒಡೆಯುವುದನ್ನು ಅವರು ಕಂಡಿದ್ದರು. ಆದರೆ ದಿನಾ ದುಡಿಯುವ ಕೈಗೆ ಎಷ್ಟು ಜಾಗ ಬೇಕು ಎನ್ನುವುದನ್ನು ಆ ಕೈಯನ್ನೇ ಕೇಳದೆ ಅಳೆದರೆ, ಎಷ್ಟು ಸಮನಾಗಿ ಅಳೆದರೂ ಅದು ಅನ್ಯಾಯವೇ.

ಮುತ್ಯಾ ಅವತ್ತೇ ಮೊದಲಿನಿಂದ ಶುರು ಮಾಡಿದ. ಮೊದಲ ಸಲ ಹೇಳಿದ್ದಕ್ಕಿಂತ ನಿಧಾನ, ನಡುನಡುವೆ ಉಸಿರಿಗಾಗಿ ನಿಲ್ಲುತ್ತ. ವಾರಕ್ಕೆ ನಾಲ್ಕು ಪುಟ, ಒಮ್ಮೊಮ್ಮೆ ಎರಡೇ.

ಮಳೆಗಾಲ ಬಂತು. ಶ್ರಾವಣದ ಒಂದು ಮಧ್ಯಾಹ್ನ ಕರೆಂಟು ಹತ್ತು ಸಲ ಹೋಗಿ ಬಂದು ಮಾಡಿತು, ಹನ್ನೊಂದನೆಯ ಸಲ ಬಂದಾಗ ಯಂತ್ರ ಏಳಲಿಲ್ಲ. ಸಿಸ್ಟಮ್ ಸಿಗುತ್ತಿಲ್ಲ ಎಂದು ಕರಿಯ ಪರದೆಯ ಮೇಲೆ ಒಂದೇ ಸಾಲು. ಆಗ ಐವತ್ತೆಂಟು ಪುಟವಾಗಿತ್ತು. ಎರಡು ದಿನ ಬಿಟ್ಟರೆ ಮುತ್ಯಾ ಬರುವ ದಿನ. ದುರಸ್ತಿಯವನನ್ನು ಕರೆಸುತ್ತೇನೆ ಎಂದರು ಭಾವ. ಬೇಡ ಎಂದೆ. ಖಾನೆಯಿಂದ ಸಿಡಿ ತೆಗೆದೆ. ನೀಲಿ ಪರದೆ ಬಂತು, ಸಿ ಯನ್ನು ಮಾತ್ರ ಅಳಿಸಿ ಅದೇ ಏಳು ಸಾವಿರದೊಳಗೆ ಸಿಸ್ಟಮ್ ಹಾಕಿದೆ. ಅತ್ತೆ ಬಂದು ನನ್ನ ಹಿಂದೆ ನಿಂತಿದ್ದರು, ಯಾವಾಗ ಬಂದರೋ ತಿಳಿಯಲಿಲ್ಲ.

ಡಿ ತೆರೆಯಿತು. ಸುಳಿ ಎನ್ನುವ ಕಡತ ಅಲ್ಲೇ ಇತ್ತು. ಮೊದಲು ಪುಟ ಕಟ್ಟುವ ಪ್ರೋಗ್ರಾಮು ಹಾಕಿ ತೆರೆದೆ. ಪುಟದ ತುಂಬ ಇಂಗ್ಲಿಷಿನ ಚಿಲ್ಲರೆ ಅಕ್ಷರ, ಪ್ರಶ್ನೆಚಿಹ್ನೆ, ಕೊಕ್ಕೆ.

"ಇದೇನವಾ, ಇದು ಕನ್ನಡ ಅಲ್ಲಲ್ಲಾ," ಅಂದರು ಅತ್ತೆ ಮೆಲ್ಲಗೆ. ಅವರಿಗೆ ಓದು ಬಾರದು, ಆದರೆ ಎಷ್ಟೋ ತಿಂಗಳು ಬಾಗಿಲಲ್ಲಿ ಕೂತು ನೋಡಿ ಅಕ್ಷರದ ಮುಖ ಗುರುತಾಗಿತ್ತು.

ಆಗ ನನಗೆ ನೆನಪಾಯಿತು, ಫಾಂಟು ಹೋದದ್ದು ಸಿ ಯ ಜೊತೆಗೆ. ಡಿ ಯಲ್ಲಿ ಎತ್ತಿಟ್ಟ ಪ್ರತಿಯಿಂದ ಫಾಂಟುಗಳನ್ನು ಹಾಕಿ, ಯಂತ್ರ ಮುಚ್ಚಿ ತೆರೆದೆ. ಐವತ್ತೆಂಟು ಪುಟ, ಒಂದು ಕೊಂಬೂ ಮುಕ್ಕಾಗದೆ ಬಂದವು. ಅತ್ತೆ ಚಹಾ ಇಡಲು ಅಡುಗೆಮನೆಗೆ ಹೋದರು.

ಎರಡು ದಿನ ಬಿಟ್ಟು ಮುತ್ಯಾ ಬಂದ. ಬಸ್ಸಿನಿಂದ ನಡೆದು ಬಂದ ಏದುಸಿರು ಇಳಿಯುವ ತನಕ ಗೋಡೆಗೊರಗಿ ಕೂತ. ನಾನು ಯಂತ್ರ ಕೆಟ್ಟದ್ದನ್ನು ಹೇಳಲಿಲ್ಲ. ಹೋದ ವಾರ ಬರೆಸಿದ್ದ ಕೊನೆಯ ಸಾಲನ್ನು ಓದಿ ಹೇಳಿದೆ. ಅವನು ಕಣ್ಣು ಮುಚ್ಚಿ ತಲೆಯಾಡಿಸಿ, ಹಸು ಈಯುವ ಹೊತ್ತಿಗೆ ಬಾಲದ ಬುಡ ಹೇಗೆ ಇಳಿಯುತ್ತದೆ ಎನ್ನುವುದರಿಂದ ಮುಂದೆ ಹೇಳತೊಡಗಿದ.

ಪುಸ್ತಕ ಮುಗಿಯಲು ಇನ್ನೂ ಏಳು ವಾರ ಹಿಡಿಯಿತು.